ಕಲ್ಲು ಒಡೆದು ನೋಡು ತಂಗಿ

ಆಳಂದ

ಚಿ. ಭಾಗ್ಯಾಗೆ ನಿನ್ನ ಮುತ್ಯಾನ ಆಶೀರ್ವಾದಗಳು.

ನೀನು ಭೂಗರ್ಭಶಾಸ್ತ್ರ ತೆಗೆದುಕೊಂಡ ಸುದ್ದಿ ಕೇಳಿ ಬಹಳ ಸಂತೋಷವಾಯಿತು. ಆದರೆ ಅಗ್ನಿಶಿಲೆಯ ಪಾಠ ಎಷ್ಟು ಬಾಯಿಪಾಠ ಮಾಡಿದರೂ ತಲೆಗೆ ಹತ್ತುತ್ತಿಲ್ಲ ಎಂದೆಯಂತೆ. ಪುಸ್ತಕ ಮುಚ್ಚಿಡವ್ವಾ, ಮೊದಲು ಕಲ್ಲು ಕೈಯಾಗ ಹಿಡಿ.

ನಮ್ಮ ಹೊಲದ ಕರಿಕಲ್ಲು ಒಡೆದರೆ ಒಳಗೆ ಕಾಳೇ ಕಾಣುವುದಿಲ್ಲ. ಯಾದಗಿರಿ ಕೋಟೆಗುಡ್ಡದ ಬಂಡೆಯಲ್ಲಿ ಗಾಜಿನಂಥ ಬೆಣಚು, ಫೆಲ್ಡ್‌ಸ್ಪಾರ್ ಎಂಬ ತಿಳಿಬಣ್ಣದ ಖನಿಜ, ಕಪ್ಪಗೆ ಮಿನುಗುವ ಅಭ್ರಕ ಬೇರೆ ಬೇರೆ ಕಾಣುತ್ತವೆ. ಎರಡೂ ಕರಗಿದ ಶಿಲಾರಸ ಆರಿ ಗಟ್ಟಿಯಾದ ಅಗ್ನಿಶಿಲೆಗಳೇ. ಪಾಕ ನಿಧಾನ ಕಟ್ಟಿದರೆ ಕಲ್ಲುಸಕ್ಕರೆಯಂತೆ ದೊಡ್ಡ ಹರಳು, ಗಡಬಡಿಸಿ ಆರಿದರೆ ಹರಳಿಗೆ ಬೆಳೆಯಲು ಹೊತ್ತೇ ಸಿಗುವುದಿಲ್ಲ. ಯಾದಗಿರಿಯ ಗ್ರಾನೈಟ್ ಸುಮಾರು 250 ಕೋಟಿ ವರ್ಷದ ಹಿಂದೆ ನೆಲದ ಆಳದಲ್ಲಿ ಮೆಲ್ಲಗೆ ಆರಿದ್ದು. ನಮ್ಮ ಕರಿಕಲ್ಲು, ಅಂದರೆ ಬಸಾಲ್ಟ್, ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದ ಲಾವಾ. ಒಂದು ಹರಿವು ಆರಿದ ಮೇಲೆ ಅದರ ಮೇಲೆ ಇನ್ನೊಂದು, ಹೀಗೆ ಪದರು ಪದರು.

ಆ ಪದರಿನ ಲೆಕ್ಕ ತಿಳಿಯದೆ ನಾನು ಹರೆಯದಲ್ಲಿ ಸೋತೆ. ಬಾವಿ ತೋಡುವಾಗ ಎರೆಮಣ್ಣು, ಮುರುಮು ದಾಟಿ ಗಟ್ಟಿ ಕರಿಕಲ್ಲು ಹತ್ತಿತು. ಹಾರೆ ಚಿಮ್ಮಿತು, ರೊಕ್ಕ ಮುಗಿದಿತ್ತು, ಕೈಬಿಟ್ಟೆ. ಎರಡು ವರ್ಷದ ಮೇಲೆ ನಿನ್ನ ಆಯಿ ಹಟ ಹಿಡಿದು ಇನ್ನೂ ಹತ್ತು ಫೂಟು ಇಳಿಸಿದಳು. ಕೆಳಗೆ ಜೇನುಹುಟ್ಟಿನಂಥ ತೂತುಗಲ್ಲು! ಲಾವಾದೊಳಗಿನ ಗಾಳಿಗುಳ್ಳೆಗಳು ಹಾಗೇ ಕಲ್ಲಾದ ಜಾಗ ಅದು, ಹಳೆಯ ಹರಿವಿನ ನೆತ್ತಿ. ಮೇಲಿನ ಹರಿವು ಬಂದು ಮುಚ್ಚುವ ಮೊದಲೇ ಅದು ಬಿಸಿಲು ಮಳೆಗೆ ಸವೆದು ಬಿರುಕು ಬಿಟ್ಟಿತ್ತು, ಅಲ್ಲಿಂದ ನೀರು ಒಸರಿತು. ಕೆಲವು ತೂತುಗಳಲ್ಲಿ ಸೂಜಿಯಂಥ ಬಿಳಿ ಹರಳು. ಅದು ಜಿಯೋಲೈಟ್ ಅಂತ ಬಹಳ ದಿನದ ಮೇಲೆ ತಿಳಿಯಿತು.

ಇದೇ ಬಸಾಲ್ಟ್ ಸವೆದು ಎರೆಮಣ್ಣಾಗಿದೆ, ನಮ್ಮ ತೊಗರಿ ಬೆಳೆಯುವುದು ಅದರಲ್ಲೇ. ಬೀದರ ಕೋಟೆಯ ಕೆಂಪು ಜಂಬಿಟ್ಟಿಗೆಯೂ ಬಸಾಲ್ಟಿನ ಕೂಸೇ. ಅಲ್ಲಿನ ಸುರಂಗಬಾವಿ ತೋಡಿದವರು ಜಂಬಿಟ್ಟಿಗೆ ಮತ್ತು ಕರಿಕಲ್ಲಿನ ನಡುವೆ ನೀರು ಹರಿಯುವುದನ್ನು ಬಲ್ಲವರಾಗಿದ್ದರು. ಅದನ್ನು ತಪ್ಪದೆ ಹೋಗಿ ನೋಡು. ಶಹಾಬಾದ ಕಲ್ಲನ್ನು ಮಾತ್ರ ಅಗ್ನಿಶಿಲೆಯ ಗುಂಪಿಗೆ ಸೇರಿಸಬೇಡ, ಅದು ನೀರಡಿ ಕೂತ ಸುಣ್ಣದ ಕೆಸರು ಗಟ್ಟಿಯಾದದ್ದು.

ಊರಲ್ಲಿ ಯಾರಾದರೂ ಬೋರು ಹಾಕಿಸುವ ಮುಂಚೆ ನಿನ್ನನ್ನು ಕೇಳುವ ದಿನ ಬರುತ್ತದೆ. ಅವರ ರೊಕ್ಕ ನೀರಿಲ್ಲದ ಕಲ್ಲಿಗೆ ಹೋಗದಂತೆ ನೋಡುವಷ್ಟು ಕಲಿ, ತಂಗಿ.

ಆ ಬಾವಿಯ ತೂತುಗಲ್ಲೊಂದು ದೇವರ ಜಗಲಿ ಮೇಲಿದೆ, ನಿನ್ನ ಆಯಿ ಇಟ್ಟದ್ದು. ಯುಗಾದಿಗೆ ಬಂದಾಗ ಒಯ್ಯಿ.

ನಿನ್ನ ಮುತ್ಯಾ