ಸೆಪ್ಸಿಸ್ ಪರೀಕ್ಷೆ ತುರ್ತು ವಿಭಾಗದಲ್ಲೇ ಆಗಲಿ

ಮಾನ್ಯ ಸಂಪಾದಕರೇ,

ಕಳೆದ ಕಬ್ಬಿನ ಹಂಗಾಮಿನಲ್ಲಿ ಕುಡಗೋಲು ತಾಗಿ ಕಾಲಿಗೆ ಗಾಯ ಮಾಡಿಕೊಂಡಿದ್ದ ನಮ್ಮ ಕಾಕಾ ಅವರನ್ನು, ನಾಲ್ಕನೆಯ ದಿನ ಜ್ವರ ಏರಿ ಮಾತು ತೊದಲತೊಡಗಿದಾಗ, ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಅಲ್ಲಿ ರಕ್ತ ತೆಗೆದು, ಹೊರಗಿನ ಲ್ಯಾಬಿಗೆ ನೀವೇ ಒಯ್ಯಿರಿ ಎಂದು ಚೀಟಿ ಕೊಟ್ಟರು. ಆ ಪುಟ್ಟ ಸೀಸೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಬೆಚ್ಚಗಿದ್ದ ಅದನ್ನು ಒಂದು ಕೈಯಿಂದ ಹಿಡಿದುಕೊಂಡೇ, ರಾತ್ರಿ ಹನ್ನೊಂದರ ಮೇಲೆ ತೆರೆದಿರುವ ಲ್ಯಾಬ್ ಹುಡುಕಿ ಅಲೆದವನು ನಾನು. ಕಾಕಾ ಉಳಿದರು, ಪಾದ ಉಳಿಯಲಿಲ್ಲ.

ಸೋಂಕಿಗೆ ದೇಹ ತೋರುವ ಅತಿರೇಕದ ಪ್ರತಿಕ್ರಿಯೆಯಿಂದ ಅಂಗಾಂಗಗಳೇ ಕೆಡುವ ಸ್ಥಿತಿ ಸೆಪ್ಸಿಸ್. ಅದರಿಂದ ರಕ್ತದೊತ್ತಡ ಕುಸಿದ ರೋಗಿಗೆ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಕೊಡಬೇಕೆಂದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ಗುರುತಿಸುವ ಬ್ಲಡ್ ಕಲ್ಚರ್ ಪರೀಕ್ಷೆಯ ವರದಿಗೆ ಒಂದೆರಡು ದಿನವಾದರೂ ಬೇಕು. ಆದರೆ ಸಕ್ಕರೆ ಕಾಯಿಲೆಯವರು ಮನೆಯಲ್ಲಿ ಬಳಸುವಂಥದೇ ಒಂದು ಕೈಯಂತ್ರ, ಸೆಪ್ಸಿಸ್ ತೀವ್ರವಾದಾಗ ಹೆಚ್ಚುವ ಲ್ಯಾಕ್ಟೇಟ್ ಎಂಬ ವಸ್ತು ಹನಿ ರಕ್ತದಲ್ಲಿ ಎಷ್ಟಿದೆ ಎಂಬುದನ್ನು ಹಾಸಿಗೆಯ ಪಕ್ಕದಲ್ಲೇ ಕೆಲವು ನಿಮಿಷಗಳಲ್ಲಿ ತಿಳಿಸುತ್ತದೆ. ಅದು ಲೀಟರಿಗೆ 2 ಮಿಲಿಮೋಲ್ ಮೀರಿದರೆ ವೈದ್ಯರು ಎಚ್ಚೆತ್ತುಕೊಳ್ಳಬೇಕು. ಯಂತ್ರವೊಂದೇ ರೋಗ ನಿರ್ಣಯಿಸದು, ನಿಜ. ಸೆಪ್ಸಿಸ್‌ನಲ್ಲಿ ಏರುವ ಉಸಿರಾಟದ ವೇಗವನ್ನು ಎಣಿಸುವುದಕ್ಕೆ ಗಡಿಯಾರವೊಂದಿದ್ದರೆ ಸಾಕು, ಅಂದು ಅದನ್ನೂ ಯಾರೂ ಎಣಿಸಲಿಲ್ಲ.

ಬಾಗಲಕೋಟೆ ಜಿಲ್ಲೆಯ ಎಲ್ಲ ತಾಲ್ಲೂಕು ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಈ ಯಂತ್ರ ಇರುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಬೇಕು. ಸ್ಟ್ರಿಪ್ ತೀರಿದ ಮೇಲೆ ಯಂತ್ರ ಕಪಾಟು ಸೇರದಂತೆ ಅವುಗಳ ಪೂರೈಕೆಯೂ, ರಾತ್ರಿ ಪಾಳಿಯ ಶುಶ್ರೂಷಕರಿಗೆ ತರಬೇತಿಯೂ ಜೊತೆಗೇ ಆಗಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ, ಜಮಖಂಡಿ