ಫಿಲಂ ತೊಳೆಯುವ ಕೆಲಸ

ರೋಚೆಸ್ಟರ್, ನ್ಯೂಯಾರ್ಕ್ ರಾಜ್ಯ
19 ಜನವರಿ 2025

ತೀರ್ಥರೂಪ ಅಪ್ಪನವರಿಗೆ, ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನೀವೂ ಅಮ್ಮನೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ.

ಕಳೆದ ಭಾನುವಾರ ಫೋನಿನಲ್ಲಿ ನೀವು ನಗುತ್ತಲೇ, “ಫಿಲಂ ತೊಳೆಯೋದಕ್ಕೆ ಅಮೆರಿಕಾಕ್ಕೆ ಹೋಗಬೇಕಿತ್ತೇನೋ?” ಎಂದು ಕೇಳಿದಿರಿ. ಆ ಪ್ರಶ್ನೆ ವಾರವೆಲ್ಲ ನನ್ನ ಜೊತೆಗೇ ಇತ್ತು. ಫೋನಿನಲ್ಲಿ ಉತ್ತರ ಹೇಳಹೊರಟರೆ ಮಾತು ಎಲ್ಲೆಲ್ಲಿಗೋ ಹರಿಯುತ್ತದೆ; ಅಟ್ಟದಿಂದ ಇಳಿಸಿದ ನಿಮ್ಮ ಸ್ಲೈಡುಗಳ, ಅಂದರೆ ಪ್ರೊಜೆಕ್ಟರಿನಲ್ಲಿ ತೋರಿಸುವ ಫಿಲಂ ಚಿತ್ರಗಳ, ವಿಷಯವನ್ನೂ ಸಾವಕಾಶವಾಗಿ ಹೇಳಬೇಕಾಗಿದೆ. ಆದ್ದರಿಂದ ಈ ಕಾಗದ.

ನಮ್ಮ ಲ್ಯಾಬಿಗೆ ಬರುವ ಸ್ಲೈಡ್ ಫಿಲಂ ಈಗ ಬಹುತೇಕ ಎರಡೇ ಮನೆತನದ್ದು: ಕೊಡಕ್‌ನ ಎಕ್ಟಾಕ್ರೋಮ್, ಫ್ಯೂಜಿಯ ವೆಲ್ವಿಯಾ ಮತ್ತು ಪ್ರೊವಿಯಾ. ಎಕ್ಟಾಕ್ರೋಮ್ ತಯಾರಿಕೆ 2012ರಲ್ಲಿ ನಿಂತುಹೋಗಿತ್ತು. 2018ರಲ್ಲಿ ಮತ್ತೆ ಇದೇ ಊರಿನ ಕಾರ್ಖಾನೆಯಿಂದ ಹೊರಬಂದಿತು. ಇವೆಲ್ಲವನ್ನೂ ತೊಳೆಯುವ ಕ್ರಮಕ್ಕೆ ಇ-6 ಎಂದು ಹೆಸರು. ಪೂರ್ತಿ ಕತ್ತಲೆಯಲ್ಲಿ ಡಬ್ಬಿಯಿಂದ ಸುರುಳಿ ಬಿಡಿಸಿ, ತುದಿಗೆ ಭಾರದ ಕ್ಲಿಪ್ಪು ಸಿಕ್ಕಿಸಿ, ಹಿತ್ತಲ ತಂತಿಗೆ ಪಂಚೆ ಇಳಿಬಿಟ್ಟಂತೆ ಉದ್ದಕ್ಕೆ ತೂಗುಹಾಕುತ್ತೇವೆ. ಅಲ್ಲಿಂದ ಮುಂದೆ ಯಂತ್ರವು ಅದನ್ನು ಒಂದು ತೊಟ್ಟಿಯಿಂದ ಎತ್ತಿ ಇನ್ನೊಂದರಲ್ಲಿ ಮುಳುಗಿಸುತ್ತ ಹೋಗುತ್ತದೆ. ನೀವು ಹೇಳಿದ ‘ತೊಳೆಯುವುದು’ ಇಷ್ಟರ ಮಟ್ಟಿಗೆ ಸರಿಯೇ.

ಆದರೆ ಮೊದಲ ತೊಟ್ಟಿಯಲ್ಲೇ ಚಿತ್ರದ ಹಣೆಬರಹ ತೀರ್ಮಾನವಾಗುತ್ತದೆ. 38 ಡಿಗ್ರಿ ಶಾಖದ ಮೊದಲ ಡೆವಲಪರ್ ಎಂಬ, ಚಿತ್ರ ಮೂಡಿಸುವ ದ್ರಾವಣದಲ್ಲಿ ಫಿಲಂ 6 ನಿಮಿಷ ಇದ್ದಾಗ ಬೆಳಕು ಬಿದ್ದ ಕಡೆಯೆಲ್ಲ ಬೆಳ್ಳಿ ಕಪ್ಪಾಗಿ ಮೂಡುತ್ತದೆ. ಅಲ್ಲಿಗೇ ನಿಲ್ಲಿಸಿದರೆ ಸಿಗುವುದು ಬೆಳಕು ಕಪ್ಪಾಗಿ, ನೆರಳು ತಿಳಿಯಾಗಿ ಕಾಣುವ ಕಪ್ಪು ಬಿಳುಪಿನ ನೆಗೆಟಿವ್ ಮಾತ್ರ. ಅನಂತರದ ರಿವರ್ಸಲ್ ದ್ರಾವಣವು, ಬೆಳಕು ಕಾಣದೆ ಉಳಿದಿದ್ದ ಬೆಳ್ಳಿಯ ಲವಣಕ್ಕೂ ಬೆಳಕು ಬಿದ್ದಿತೆಂಬ ಭ್ರಮೆ ಹುಟ್ಟಿಸುತ್ತದೆ. ಹಾಗೆ ಮೋಸಹೋದ ಲವಣವನ್ನು ಬಣ್ಣದ ಡೆವಲಪರ್ ಬೆಳ್ಳಿಯಾಗಿಸುವಾಗಲೇ ಮೂರು ಪದರಗಳಲ್ಲಿ ಹಳದಿ, ಮಜೆಂಟಾ, ಸಯಾನ್ ಬಣ್ಣಗಳು ಕಟ್ಟಿಕೊಳ್ಳುತ್ತವೆ. ಕೊನೆಗೆ ಬ್ಲೀಚ್ ಮತ್ತು ಫಿಕ್ಸರ್ ಸೇರಿ ಬೆಳ್ಳಿಯನ್ನೆಲ್ಲ ಹೊರಹಾಕುತ್ತವೆ. ನೀವು ಪ್ರೊಜೆಕ್ಟರಿನಲ್ಲಿ ತೋರಿಸುತ್ತಿದ್ದ ಜೋಗದ ಚಿತ್ರದಲ್ಲಿ ಬೆಳ್ಳಿಯ ಕಣವೂ ಇರಲಿಲ್ಲ, ಬರೀ ಬಣ್ಣ.

ಎಲ್ಲವೂ ತಿರುವುಮುರುವಾಗಿರುವುದರಿಂದ ತಪ್ಪುಗಳೂ ತಿರುವುಮುರುವಾಗಿಯೇ ಕಾಣಿಸುತ್ತವೆ. ನಾನು ಸೇರಿದ ಮೊದಲ ಚಳಿಗಾಲದಲ್ಲಿ, ಹೊರಗೆ ಮಂಜು ಸುರಿಯುತ್ತಿದ್ದ ಒಂದು ಬೆಳಿಗ್ಗೆ, ಮೊದಲ ತೊಟ್ಟಿಯ ಶಾಖ ಒಂದೂವರೆ ಡಿಗ್ರಿ ಇಳಿದದ್ದನ್ನು ನೋಡದೆ ಎರಡು ರೋಲ್ ಇಳಿಬಿಟ್ಟೆ. ಒಣಗಿದ ಮೇಲೆ ನೋಡಿದರೆ ಚಿತ್ರಗಳೆಲ್ಲ ಮುಸ್ಸಂಜೆಯಲ್ಲಿ ತೆಗೆದವೆಂಬಂತೆ ಕಪ್ಪಾಗಿದ್ದವು. ಮೊದಲ ಡೆವಲಪರ್ ಸಾಲದಾದರೆ ಬಣ್ಣವಾಗಲು ಹೆಚ್ಚು ಲವಣ ಉಳಿಯುತ್ತದೆ, ಸ್ಲೈಡು ಗಾಢವಾಗುತ್ತದೆ. ಆ ಫೋಟೋಗ್ರಾಫರ್ ಒಂದು ವಾರ ಅಡಿರಾಂಡಾಕ್ ಬೆಟ್ಟಗಳಲ್ಲಿ ಅಲೆದು ತೆಗೆದ ಚಿತ್ರಗಳವು. ನೆಗೆಟಿವ್ ಆಗಿದ್ದರೆ ಪ್ರಿಂಟಿನಲ್ಲಿ ಅಷ್ಟಿಷ್ಟು ಮುಚ್ಚಿಹಾಕಬಹುದಿತ್ತು. ಸ್ಲೈಡಿನಲ್ಲಿ ಆ ದಾರಿಯಿಲ್ಲ. ನಾನೇ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಈಗ ದಿನವೂ ಮೊದಲು ಪರೀಕ್ಷೆಗೆಂದೇ ಇರುವ ಒಂದು ಫಿಲಂ ತುಂಡನ್ನು ತೊಳೆದು, ಅದರ ಸಾಂದ್ರತೆಯನ್ನು ಅಳೆದು, ಸರಿಯಿದ್ದರಷ್ಟೇ ಗಿರಾಕಿಗಳ ಫಿಲಂ ಮುಟ್ಟುತ್ತೇನೆ.

ಸ್ಕ್ಯಾನಿಂಗ್ ವಿಷಯದಲ್ಲಿ ನನಗೆ ಸ್ವಲ್ಪ ಹಟ ಜಾಸ್ತಿ ಎಂದು ಜೊತೆಯವರು ಹಾಸ್ಯ ಮಾಡುತ್ತಾರೆ. ನೆಗೆಟಿವ್ ಸ್ಕ್ಯಾನ್ ಮಾಡುವವನು ಆಕಾಶದ ನೀಲಿ ಎಷ್ಟಿರಬೇಕೆಂದು ತಾನೇ ನಿರ್ಧರಿಸಬಹುದು, ಕೇಳುವವರಿಲ್ಲ. ಸ್ಲೈಡಿಗಾದರೋ ಪಕ್ಕದ ಬೆಳಕಿನ ಮೇಜಿನ ಮೇಲೆ ಅದೇ ಸಾಕ್ಷಿಯಾಗಿ ಕೂತಿರುತ್ತದೆ. ಬಣ್ಣದ ಚೌಕಗಳಿರುವ ಐಟಿ-8 ಎಂಬ ಮಾದರಿ ಸ್ಲೈಡಿನಿಂದ ಯಂತ್ರವನ್ನು ಹದಕ್ಕೆ ತಂದಿಟ್ಟುಕೊಂಡು, ಇಂಚಿಗೆ 4000 ಬಿಂದುಗಳಂತೆ ಓದಿಸಿದರೆ 35 ಮಿಲಿಮೀಟರ್ ಫಿಲಂನ ಒಂದು ಚೌಕಟ್ಟು ಸುಮಾರು 2 ಕೋಟಿ ಬಿಂದುಗಳ ಚಿತ್ರವಾಗುತ್ತದೆ. ಕಷ್ಟವಿರುವುದು ನೆರಳಿನಲ್ಲಿ. ಸ್ಲೈಡಿನ ಕಪ್ಪು ಬಹಳ ದಟ್ಟ. ಅಗ್ಗದ ಸ್ಕ್ಯಾನರುಗಳು ಅದರೊಳಗೆ ಇಳಿಯಲಾರದೆ ಮಣ್ಣು ಬಣ್ಣದ ಚುಕ್ಕೆಗಳ ಗದ್ದಲವನ್ನು ತುಂಬಿಕೊಡುತ್ತವೆ. ಅಲ್ಲಿ ಏನಿದೆಯೋ ಅಷ್ಟನ್ನೇ ತರಬೇಕು, ಕೊಳೆ ಇದ್ದರೆ ಬ್ಲೋವರ್ ಮತ್ತು ಕುಂಚದಿಂದ ಮೊದಲೇ ತೆಗೆಯಬೇಕು. ಗಿರಾಕಿಗೆ ಬಣ್ಣ ಮೆರುಗಾಗಿ ಬೇಕಿದ್ದರೆ ಅವರು ಆಮೇಲೆ ಮಾಡಿಕೊಳ್ಳಲಿ ಎಂಬುದು ನನ್ನ ವಾದ.

ಇನ್ನು ನಿಮ್ಮ ಪೆಟ್ಟಿಗೆ. ನೀವು ವಾಟ್ಸಾಪಿನಲ್ಲಿ ಕಳಿಸಿದ ಫೋಟೋದಲ್ಲಿ ರಟ್ಟಿನ ಚೌಕಟ್ಟುಗಳ ಮೇಲೆ ‘ಕೊಡಕ್ರೋಮ್’ ಎಂದು ಕಾಣಿಸಿತು, ಕೊಡಕ್‌ನದೇ ಹಳೆಯ ಸ್ಲೈಡ್ ಫಿಲಂ ಅದು. ಹಾಗಿದ್ದರೆ ಗಾಬರಿಯಿಲ್ಲ, ಕತ್ತಲಲ್ಲಿಟ್ಟ ಕೊಡಕ್ರೋಮ್‌ನ ಬಣ್ಣ ದಶಕಗಟ್ಟಲೆ ಉಳಿಯುತ್ತದೆ. ಪ್ರೊಜೆಕ್ಟರಿನ ದೀಪಕ್ಕೆ ಮಾತ್ರ ಅದು ಬೇಗ ಸೋಲುತ್ತದೆ, ಆದ್ದರಿಂದ ಮೊಮ್ಮಕ್ಕಳಿಗೆ ತೋರಿಸುವ ಆಸೆಯನ್ನು ಸದ್ಯಕ್ಕೆ ತಡೆದುಕೊಳ್ಳಿ. ಆ ಫಿಲಂ ಕಂಡುಹಿಡಿದ ಮ್ಯಾನಿಸ್ ಮತ್ತು ಗೊಡೌಸ್ಕಿ ಇಬ್ಬರೂ ಸಂಗೀತಗಾರರು. ಕತ್ತಲ ಕೋಣೆಯಲ್ಲಿ ಸಮಯದ ಲೆಕ್ಕಕ್ಕೆ ಬ್ರಾಮ್ಸ್‌ನ ಸಂಗೀತವನ್ನು ಶಿಳ್ಳೆ ಹಾಕಿಕೊಳ್ಳುತ್ತಿದ್ದರಂತೆ. ಅಮ್ಮನಿಗೆ ಇದನ್ನು ಓದಿ ಹೇಳಿ. ತಾಳ ಹಾಕಿ ಅನ್ನದ ಹದ ನೋಡುವ ಅವಳಿಗೆ ಇದರಲ್ಲಿ ವಿಶೇಷವೇನೂ ಕಾಣಿಸಲಾರದು.

ನಮ್ಮೂರು ಸಾಗರದ ಮಳೆಗಾಲಗಳಲ್ಲಿ ಕೆಲವಕ್ಕಾದರೂ ಬೂಷ್ಟು ಹಿಡಿದಿರಬಹುದು. ದಯವಿಟ್ಟು ಒದ್ದೆ ಬಟ್ಟೆಯಿಂದ ಒರೆಸಬೇಡಿ, ಬಿಸಿಲಿಗೂ ಇಡಬೇಡಿ. ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಡಬ್ಬಿಯಲ್ಲಿ ಮುಚ್ಚಿಡಿ. ಇಲ್ಲಿನ ಯಂತ್ರದಲ್ಲಿ ಅವಕೆಂಪು ಕಿರಣದಿಂದ ಧೂಳನ್ನು ಗುರುತಿಸಿ ಅಳಿಸುವ ಸೌಲಭ್ಯವಿದೆಯಾದರೂ ಕೊಡಕ್ರೋಮ್‌ನಲ್ಲಿ ಅದು ಚಿತ್ರವನ್ನೇ ಧೂಳೆಂದು ತಿಳಿದು ಕೆಡಿಸುವುದುಂಟು. ಹೀಗಾಗಿ ನಿಮ್ಮ ಒಂದೊಂದು ಸ್ಲೈಡನ್ನೂ ಕೈಯಿಂದಲೇ ಸರಿಪಡಿಸಬೇಕಾದೀತು. ಮಾರ್ಚ್‌ನಲ್ಲಿ ಭಾವ ಬರುವಾಗ ಕೈಚೀಲದಲ್ಲೇ ತರಲಿ.

ತೊಳೆಯದ ಒಂದು ರೋಲ್ ಕೂಡ ಸಿಕ್ಕಿದೆ, ಅದರಲ್ಲಿ ಅಜ್ಜಿಯ ಚಿತ್ರಗಳಿರಬೇಕು ಎಂದಿರಿ. ಅದನ್ನು ಮಾತ್ರ ಭಾವನ ಕೈಗೆ ಈಗಲೇ ಕೊಡಬೇಡಿ, ತೊಳೆಯದ ಫಿಲಂಗೆ ವಿಮಾನ ನಿಲ್ದಾಣದ ಎಕ್ಸ್‌ರೇ ಒಗ್ಗುವುದಿಲ್ಲ. ಮೊದಲು ಕನ್ನಡಕ ಹಾಕಿಕೊಂಡು ಆ ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ಏನಿದೆಯೆಂದು ನೋಡಿ. ಇ-6 ಎಂದಿದ್ದರೆ ನಾನೇ ತೊಳೆಯಬಲ್ಲೆ. ಇಷ್ಟು ವರ್ಷಗಳಲ್ಲಿ ಬಣ್ಣ ಕೆಟ್ಟಿರುತ್ತದೆ, ಆದರೂ ಬಣ್ಣವೇ ಬರುತ್ತದೆ. ಕೆ-14 ಎಂಬ ಬೇರೆ ಕ್ರಮದ ಹೆಸರಿದ್ದರೆ ಅದೂ ಕೊಡಕ್ರೋಮ್. ಅದರ ಬಣ್ಣವನ್ನು ಹುಟ್ಟಿಸುವ ವಸ್ತು ಫಿಲಂನಲ್ಲಿ ಇರುವುದಿಲ್ಲ, ತೊಳೆಯುವ ದ್ರಾವಣದಲ್ಲೇ ಇರುತ್ತಿತ್ತು. ಕಾನ್ಸಾಸ್ ರಾಜ್ಯದ ಪಾರ್ಸನ್ಸ್ ಎಂಬ ಊರಿನ ಕೊನೆಯ ಲ್ಯಾಬ್ 2010ರ ಡಿಸೆಂಬರ್ 30ರವರೆಗೆ ಮಾತ್ರ ಅದನ್ನು ತೆಗೆದುಕೊಂಡಿತು. ಆಗ ಅಜ್ಜಿಯನ್ನು ಕಪ್ಪು ಬಿಳುಪಿನಲ್ಲಿ ತೆಗೆಯಲು ಪ್ರಯತ್ನಿಸಬಹುದು, ಸೀರೆಯ ಬಣ್ಣವನ್ನು ನೀವೇ ನೆನಪಿನಿಂದ ಹೇಳಬೇಕು.

ಡಬ್ಬಿಯ ಮೇಲಿನ ಅಕ್ಷರವನ್ನು ಓದಿ, ಫೋಟೋ ತೆಗೆದು ಕಳಿಸಿ. ಡಬ್ಬಿಯ ಮುಚ್ಚಳವನ್ನು ಮಾತ್ರ ತೆರೆಯಬೇಡಿ.

ಇಂತಿ ನಿಮ್ಮ ಮಗ