ಎಂಬತ್ತಾರು ಲೋಟ ಹಾಲು

ಪ್ರೀತಿಯ ಸೀನ,

ಇನ್‌ಚಾರ್ಜ್ ಹೆಡ್‌ಮಾಸ್ಟರ್ ಆದ ಮಾರನೇ ದಿನವೇ ಫೋನ್ ಮಾಡಿ ನೀನು ಕೇಳಿದ್ದು ದಾಖಲಾತಿ ರಿಜಿಸ್ಟರಿನ ವಿಷಯವನ್ನಲ್ಲ, ಹಾಲಿನ ಪುಡಿಯ ವಿಷಯವನ್ನ. ಅರ್ಧಕ್ಕೇ ಸಿಗ್ನಲ್ ಹೋಯ್ತು, ಅದಕ್ಕೆ ಬರೀತಿದ್ದೀನಿ.

ಲೆಕ್ಕ ಸುಲಭ. 2013ರ ಆಗಸ್ಟ್‌ನಲ್ಲಿ ಶಾಲೆಯ ಮಕ್ಕಳಿಗೆ ಹಾಲು ಕೊಡೋ ಕ್ಷೀರಭಾಗ್ಯ ಯೋಜನೆ ಶುರುವಾದಾಗಿನಿಂದ ನಾವು ಬಾಯಿಪಾಠ ಮಾಡಿಕೊಂಡಿರೋದು ಇಷ್ಟೇ: ಒಂದು ಮಗುವಿಗೆ 18 ಗ್ರಾಂ ಪುಡಿ, 150 ಮಿಲಿ ಹಾಲು. ನಿನ್ನ 86 ಮಕ್ಕಳಿಗೆ 1,548 ಗ್ರಾಂ ಪುಡಿ, ಹತ್ತಿರ ಹತ್ತಿರ 13 ಲೀಟರ್ ಹಾಲು. ಆದರೆ ಪುಡಿ ಅಳೆಯೋದು ಹಾಜರಿ ಆದ ಮೇಲೆ. ಸಂತೆ ದಿನ 71 ಜನ ಬಂದರೆ 1,278 ಗ್ರಾಂ ಸಾಕು.

ನಾನು ಎಡವಿದ್ದು ಲೋಟದಲ್ಲಿ. ನಮ್ಮ ಅಡುಗೆಯ ಅಕ್ಕ ಅಕ್ಕಿಯನ್ನ ಪಾವಿನಲ್ಲಿ ಅಳೆದ ಹಾಗೇ ಪುಡಿಯನ್ನೂ ಒಂದು ಸ್ಟೀಲ್ ಲೋಟದಲ್ಲಿ ಅಳೀತಿದ್ದರು. ಒಂದು ದಿನ ಹಾಲು ನೀರುನೀರು, ಇನ್ನೊಂದು ದಿನ ಪಾಯಸ. ಪಾಪ, ಅವರ ಕೈಯನ್ನೇ ಅನುಮಾನಿಸಿದ್ದೆ ಕಣೋ. ಆಮೇಲೆ ಅಂಗಡಿಯಿಂದ ತಕ್ಕಡಿ ತಂದು ಅದೇ ಲೋಟವನ್ನ ಎರಡು ಸಲ ತೂಗಿದೆ. ಪಾಕೆಟ್ಟಿನಲ್ಲಿ ಅದುಮಿ ಕೂತಿದ್ದ ಪುಡಿ ಒಂದು ತೂಕ, ಡಬ್ಬಕ್ಕೆ ಸುರಿದು ಸಡಿಲಾದ ಪುಡಿ ಇನ್ನೊಂದು ತೂಕ. ಲೋಟ ಅಳೆಯೋದು ಜಾಗವನ್ನ, ತೂಕವನ್ನಲ್ಲ. ತಕ್ಕಡಿ ತಗೋ. ಖಾಲಿ ಡಬರಿಯ ತೂಕ ಕಳೆಯೋದು ಮರೀಬೇಡ.

ನೀರಿನದು ಇನ್ನೊಂದು ತಮಾಷೆ. 13 ಲೀಟರ್ ನೀರಿಗೆ ಪುಡಿ ಹಾಕಿದರೆ ಹಾಲು 13 ಲೀಟರ್ ಆಗಲ್ಲ, ಮೇಲೇ ಬರುತ್ತೆ. ಪುಡಿಯೂ ಜಾಗ ಹಿಡಿಯುತ್ತಲ್ಲ! ಅದಕ್ಕೆ ಖಾಲಿ ತಪ್ಪಲೆಗೆ ಲೀಟರ್ ಲೀಟರಾಗಿ ನೀರು ಹುಯ್ದು, ದೊಡ್ಡ ಸೌಟನ್ನ ತಳಕ್ಕೆ ತಾಗಿಸಿ ನೆಟ್ಟಗೆ ಹಿಡಿದು, ಹಿಡಿಯ ಮೇಲೆ ಗುರುತು ಗೀರಿಸಿದೆ. ಮೊದಲು ನೀರು ಕಡಿಮೆಯೇ ಇಡು, ಪುಡಿ ಕರಗಿದ ಮೇಲೆ ಕುದಿಸಿದ ನೀರಿನಿಂದ ಗುರುತು ಮುಟ್ಟಿಸು. ತಪ್ಪಲೆ ಬದಲಾದರೆ ಗುರುತೂ ಬದಲಾಗುತ್ತೆ. ಇದನ್ನ ಬೈಸಿಕೊಂಡು ಕಲಿತೆ.

ಇನ್ನು ಗಂಟು. ಕುದಿಯೋ ನೀರಿಗೆ ಪುಡಿ ಸುರಿದರೆ ಹೊರಗಡೆ ನೆನೆದು ಅಂಟಾಗುತ್ತೆ, ಒಳಗೆ ಒಣಗೇ ಉಳಿಯುತ್ತೆ. ಮೊದಲ ವಾರ ಹಾಗೇ ಮಾಡಿದ್ವಿ. ಮೂರನೇ ಕ್ಲಾಸಿನವನೊಬ್ಬ ಲೋಟ ಎತ್ತಿ ತೋರಿಸಿ, 'ಸಾ, ಬೆಣ್ಣೆ ಬಂದೈತೆ' ಅಂದ. ಈಗ ಪುಡಿಗೆ ಉಗುರುಬೆಚ್ಚಗಿನ ನೀರು ಸ್ವಲ್ಪ ಸ್ವಲ್ಪವೇ ಹಾಕಿ ದೋಸೆಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ತಪ್ಪಲೆಗೆ ಬಿಟ್ಟು ತಿರುವಿ ಕಾಯಿಸ್ತಾರೆ. ಸಕ್ಕರೆ ಕೊನೆಗೆ.

ದಿನದ ಗುಣಾಕಾರವನ್ನ ಐದನೇ ಕ್ಲಾಸಿಗೆ ಬಿಟ್ಟಿದ್ದೀನಿ. ಹದಿನೆಂಟರ ಮಗ್ಗಿ ನನಗಿಂತ ಚೆನ್ನಾಗಿ ಹೇಳ್ತಾರೆ. ನಿನ್ನ ಶಾಲೆಯ ತಪ್ಪಲೆ ಎಷ್ಟು ಲೀಟರಿನದು ಬರಿ. ಹದಿನೈದರದ್ದಾದರೆ ಕಷ್ಟ, ಉಕ್ಕಿ ಒಲೆ ಮೇಲೆ ಹೋಗುತ್ತೆ, ಇಪ್ಪತ್ತರದ್ದು ಹುಡುಕು.

ನಿನ್ನ ಗೆಳೆಯ